ಎಕರೆ ಎಂಬ ಮಾತಿನ ಹಿಂದು ಮುಂದು

ನಮ್ಮ ಮಂಡ್ಯ ಸೀಮೆಯಲ್ಲಿ ಹೊಸಬನೊಬ್ಬ ಊರಿಗೆ ಬಂದರೆ ಜಗಲಿ ಮೇಲೆ ಕುಂತವರು ಕೇಳುವ ಪ್ರಶ್ನೆಗಳು ಮೂರು. 'ಯಾವೂರು?' 'ಯಾವ ಜನ?' 'ಎಷ್ಟೆಕ್ರೆ ಐತೆ?' ಮೊದಲನೆಯದಕ್ಕೆ ಎಲ್ಲರ ಬಳಿಯೂ ಉತ್ತರ ಉಂಟು. ಎರಡನೆಯದನ್ನು ಈಗೀಗ ನೇರವಾಗಿ ಕೇಳಲು ಕೆಲವರು ಹಿಂಜರಿಯುತ್ತಾರೆ, ಸುತ್ತಿ ಬಳಸಿ ಕೇಳುತ್ತಾರೆ. ಮೂರನೆಯದನ್ನು ಕೇಳಲು ಮಾತ್ರ ಯಾರಿಗೂ ನಾಚಿಕೆಯಿಲ್ಲ. ಹೆಣ್ಣು ಕೊಡುವವನು ಕೇಳುತ್ತಾನೆ, ಸಾಲ ಕೊಡುವವನು ಕೇಳುತ್ತಾನೆ, ವೋಟಿಗೆ ಬಂದವನೂ ಕೇಳುತ್ತಾನೆ. 'ಏನೂ ಇಲ್ಲ ಕನಣ್ಣ' ಎಂದು ಉತ್ತರ ಬಂದರೆ, ಕೇಳದೆ ಬಿಟ್ಟ ಎರಡನೆಯ ಪ್ರಶ್ನೆಗೂ ಉತ್ತರ ಸಿಕ್ಕಿತು ಎಂದು ಜಗಲಿಯವರು ತಿಳಿದುಕೊಳ್ಳುತ್ತಾರೆ.

ಈ ಎಕರೆ ಅನ್ನೋದು ಕನ್ನಡದ ಮಾತಲ್ಲ, ಇಂಗ್ಲಿಷಿನದು. ಆ ಭಾಷೆಯಲ್ಲಿ ನಾಲ್ಕೇ ಅಕ್ಷರದ ಸಣ್ಣ ಪದ. ಅದು ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿ 'ಎಕ್ರೆ' ಆಗಿ ಎಷ್ಟು ಹಳತಾಗಿದೆಯೆಂದರೆ ರಾಗಿ, ಹುರುಳಿಯ ಹಾಗೆ ಇದೂ ಈ ಮಣ್ಣಿನದೇ ಅನ್ನಿಸುತ್ತದೆ. ಓದು ಬರಹ ಬಾರದ ಮುದುಕಿಯೂ ಎಕರೆ, ಗುಂಟೆ ಲೆಕ್ಕ ಹೇಳುತ್ತಾಳೆ. ಒಂದು ಗುಂಟೆಯೂ ಇಲ್ಲದವಳೂ ಹೇಳುತ್ತಾಳೆ. ಈ ಮಾತು ಎಲ್ಲಿಂದ ಹೊರಟಿತು, ಹೊರಡುವಾಗ ಯಾವ ಅರ್ಥ ಹೊತ್ತಿತ್ತು, ನಮ್ಮ ಕೇರಿಯ ಬಾಗಿಲಿಗೆ ಬರುವ ಹೊತ್ತಿಗೆ ಯಾವುದನ್ನು ಬಿಸಾಡಿ ಬಂತು ಎಂದು ವಿಚಾರಿಸುವುದು ಬರೀ ನಿಘಂಟಿನ ಕೆಲಸವಲ್ಲ.

ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ 'ಏಕರ್'. ಜರ್ಮನ್ನಿನಲ್ಲಿ 'ಆಕರ್', ಲ್ಯಾಟಿನ್ನಿನಲ್ಲಿ 'ಅಗೆರ್', ಗ್ರೀಕಿನಲ್ಲಿ 'ಅಗ್ರೋಸ್'. ಸಂಸ್ಕೃತದ 'ಅಜ್ರ' ಕೂಡ ಇದೇ ಬಳ್ಳಿಯದು. ಎಲ್ಲದರ ಅರ್ಥವೂ ಒಂದೇ: ಬಯಲು, ಹೊಲ. ಇದರ ಬೇರಿನಲ್ಲಿರುವುದು 'ಅಟ್ಟು', 'ಹೊಡೆದುಕೊಂಡು ಹೋಗು' ಎಂಬ ಕ್ರಿಯೆ ಎಂದು ಭಾಷಾ ಪಂಡಿತರು ಹೇಳುತ್ತಾರೆ. ಅಂದರೆ ದನ ಅಟ್ಟಿಕೊಂಡು ಹೋಗುವ ಬಯಲು. ಆ ಹೊತ್ತಿಗೆ ಈ ಮಾತಿನಲ್ಲಿ ಅಳತೆಯೂ ಇರಲಿಲ್ಲ, ಬೇಲಿಯೂ ಇರಲಿಲ್ಲ.

ಆಮೇಲೆ ಅರ್ಥ ಬದಲಾಯಿತು. ಎತ್ತು ಕಟ್ಟಿದ ಒಬ್ಬ ಆಳು ಒಂದು ದಿನದಲ್ಲಿ ಉಳಬಹುದಾದಷ್ಟು ನೆಲ ಎಕರೆ ಎನಿಸಿಕೊಂಡಿತು. ಇದನ್ನು ನಾವು ಚೆನ್ನಾಗಿ ಗಮನಿಸಬೇಕು. ಎಕರೆ ಎಂಬುದು ಮೊದಲು ಒಡೆತನದ ಲೆಕ್ಕವಾಗಿರಲಿಲ್ಲ, ದುಡಿಮೆಯ ಲೆಕ್ಕವಾಗಿತ್ತು. ಅದರ ಆಕಾರವೂ ದುಡಿಮೆಯಿಂದಲೇ ಬಂತು. ಹಳೆಯ ಇಂಗ್ಲಿಷ್ ಎಕರೆ ಚೌಕವಲ್ಲ, ಉದ್ದನೆಯ ಪಟ್ಟಿ: 220 ಗಜ ಉದ್ದ, 22 ಗಜ ಅಗಲ. ಅಲ್ಲಿನ ಭಾರಿ ನೇಗಿಲಿಗೆ ನಾಲ್ಕು, ಎಂಟು ಎತ್ತು ಕಟ್ಟುತ್ತಿದ್ದರು. ಅಷ್ಟನ್ನು ತಿರುಗಿಸುವುದು ತ್ರಾಸ. ಆದ್ದರಿಂದ ಒಂದೇ ಉಸಿರಿಗೆ ಎತ್ತು ಎಳೆಯುವಷ್ಟು ದೂರ ಹೋಗಿ ತಿರುಗುತ್ತಿದ್ದರು. ಆ ಸಾಲಿನ ಉದ್ದವೇ ಎಕರೆಯ ಉದ್ದ. ಎತ್ತಿನ ಉಸಿರು, ಆಳಿನ ರಟ್ಟೆ ಎರಡೂ ಸೇರಿ ಆದ ಅಳತೆ ಅದು. ಆದರೂ ಒಂದು ಮಾತು. ಆ ಲೆಕ್ಕದಲ್ಲಿ ಎತ್ತಿಗೆ ಜಾಗವಿತ್ತು, ಕಳೆ ಕಿತ್ತ ಹೆಂಗಸಿಗೆ ಇರಲಿಲ್ಲ.

ಮುಂದೆ ರಾಜರು ಈ ಅಳತೆಯನ್ನು ಕಾನೂನಿನಲ್ಲಿ ನಿಲ್ಲಿಸಿದರು. 1620ರಲ್ಲಿ ಎಡ್ಮಂಡ್ ಗಂಟರ್ ಎಂಬ ಗಣಿತಜ್ಞ 22 ಗಜದ, ನೂರು ಕೊಂಡಿಯ ಸರಪಳಿ ಮಾಡಿದ. ಹತ್ತು ಚದರ ಸರಪಳಿ ಒಂದು ಎಕರೆ. ಅಲ್ಲಿಂದ ಎಕರೆಗೆ ಎತ್ತೂ ಬೇಕಾಗಲಿಲ್ಲ, ಆಳೂ ಬೇಕಾಗಲಿಲ್ಲ. ಸರಪಳಿ ಸಾಕಾಯಿತು. ಅದೇ ಕಾಲದಿಂದ ಇಂಗ್ಲೆಂಡಿನ ಊರೊಟ್ಟಿನ ಗೋಮಾಳಗಳಿಗೆ ಬೇಲಿ ಬೀಳತೊಡಗಿತು. 1604ರಿಂದ 1914ರವರೆಗೆ ಅಲ್ಲಿನ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಮಸೂದೆಗಳ ಮೂಲಕ ಸುಮಾರು 68 ಲಕ್ಷ ಎಕರೆಗೆ ಬೇಲಿ ಹಾಕಿಸಿತು. ದನ ಅಟ್ಟುವ ಬಯಲು ಎಂದು ಹುಟ್ಟಿದ ಪದವೇ ದನ ಅಟ್ಟಲು ಬಯಲಿಲ್ಲದಂತೆ ಮಾಡಿದ ಲೆಕ್ಕಕ್ಕೆ ಬಳಕೆಯಾಯಿತು. ನೆಲ ಕಳೆದುಕೊಂಡ ಬಡವರು ಕೂಲಿಗಳಾದರು, ಗಿರಣಿಗೆ ಹೋದರು. 1880ರ ದಶಕದಲ್ಲಿ ಜೆಸ್ಸಿ ಕಾಲಿಂಗ್ಸ್ ಎಂಬ ರಾಜಕಾರಣಿ ಅಲ್ಲಿನ ಹೊಲಗೂಲಿಗಳ ಪರವಾಗಿ 'ಮೂರು ಎಕರೆ, ಒಂದು ಹಸು' ಎಂಬ ಬೇಡಿಕೆಯನ್ನೇ ಘೋಷಣೆ ಮಾಡಿಕೊಂಡಿದ್ದ. ಇಂಗ್ಲಿಷರೆಲ್ಲ ಉಳ್ಳವರೆಂದು ತಿಳಿದಿರುವ ನಮ್ಮ ಹುಡುಗರು ಇದನ್ನು ನೆನಪಿಡಬೇಕು.

ಇನ್ನು ನಮ್ಮ ಕಡೆಗೆ ಬರೋಣ. ಎಕರೆ ಬರುವ ಮುಂಚೆ ಇಲ್ಲಿ ನೆಲವನ್ನು ಹೇಗೆ ಅಳೆಯುತ್ತಿದ್ದರು? ಬೀಜದಿಂದ. ಇಷ್ಟು ಕೊಳಗ ಬಿತ್ತನೆಯ ಹೊಲ, ಇಷ್ಟು ಖಂಡುಗದ ಗದ್ದೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಒಂದು ಖಂಡುಗದ ಹೊಲ ಬೇರೆ, ಒಂದು ಖಂಡುಗದ ಗದ್ದೆ ಬೇರೆ. ಖುಷ್ಕಿಯಲ್ಲಿ ಬೀಜ ತೆಳುವಾಗಿ ಬೀಳುತ್ತದೆ, ನೆಲ ಹೆಚ್ಚು ಬೇಕು.

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಶಾಲಾ ಪುಸ್ತಕದಲ್ಲಿ ಓದಿದ್ದೇವೆ. ಹತ್ತನೆಯ ಶತಮಾನದ್ದು, ತಕ್ಕೋಲದ ಯುದ್ಧದ ಕಾಲದ್ದು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕು ಎಂದು ಕೇಳಿದ. ಮಣಲೇರ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಕಲ್ಲನ್ನು ಪೂಜಿಸಲು ಗೊರವನನ್ನು ನೇಮಿಸಿದರು. ಅದಕ್ಕಾಗಿ ಕೆರೆಯ ಕೆಳಗೆ ಎರಡು ಖಂಡುಗ ನೆಲ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ವಸ್ತು ಸಂಗ್ರಹಾಲಯದಲ್ಲಿದೆ. ಪ್ರಾಣಿಯ ಮೇಲೆ ಎಂಥ ಪ್ರೀತಿ ಎಂದು ಮೇಷ್ಟರು ಪಾಠ ಹೇಳುತ್ತಾರೆ. ಪ್ರೀತಿ ಇದ್ದೀತು, ಕಾಳಿ ಧೈರ್ಯದ ನಾಯಿಯೇ. ಆದರೆ ಆ ಎರಡು ಖಂಡುಗವನ್ನು ಉತ್ತವನು ಯಾರು, ಅವನಿಗೆ ಎಷ್ಟು ಬಿಟ್ಟರು ಎಂದು ಕಲ್ಲು ಹೇಳುವುದಿಲ್ಲ. ನಾಯಿಗೆ ಹೆಸರಿದೆ, ಹಂದಿಗೆ ಜಾಗವಿದೆ, ಉತ್ತವನು ಎಲ್ಲೂ ಇಲ್ಲ.

ಬೀಜದ ಅಳತೆಯಲ್ಲಿ ಇನ್ನೊಂದು ತೊಂದರೆ ಇತ್ತು. ಕೊಳಗ ಯಾರ ಮನೆಯಲ್ಲಿ ಇದೆಯೋ ಅಳತೆ ಅವರದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ತಿರುಗಿ ಬಿದ್ದರಲ್ಲ, ಗೇಣಿ ಅಳೆಯುವ ಕೊಳಗದ ಗಾತ್ರವೂ ಆ ಜಗಳದ ಬೇರುಗಳಲ್ಲಿ ಒಂದು. ಆದ್ದರಿಂದ ಹಳೆಯದೆಲ್ಲ ಒಳ್ಳೆಯದು, ಬ್ರಿಟಿಷರು ಬಂದು ಕೆಡಿಸಿದರು ಎಂದು ನಾವು ಅಳಬೇಕಾಗಿಲ್ಲ. ಕೊಳಗವನ್ನು ಉಬ್ಬಿಸಬಹುದಾಗಿತ್ತು, ಎಕರೆಯನ್ನು ಉಬ್ಬಿಸಲಾಗದು. ಎಕರೆಯಲ್ಲಿ ಅಷ್ಟರ ಮಟ್ಟಿನ ನ್ಯಾಯವಿತ್ತು.

ಆ ನ್ಯಾಯ ಯಾರಿಗೆ ಸಂದಿತು? ಅದನ್ನು ತಿಳಿಯಲು ಕುಳವಾಡಿಯ ವಿಷಯ ಹೇಳಬೇಕು. ಹಳೆಯ ಮೈಸೂರಿನ ಊರುಗಳಲ್ಲಿ ಕುಳವಾಡಿ ಹೊಲೆಯರವನು. ಊರ ಎಲ್ಲೆ ಅವನ ಕಣ್ಣಲ್ಲಿತ್ತು. ಎರಡು ಊರಿಗೆ ಗಡಿ ಜಗಳ ಬಂದರೆ ಗೌಡ, ಶಾನುಭೋಗರ ಮಾತಿಗಿಂತ ಅವನ ಹೆಜ್ಜೆಗೆ ಬೆಲೆ. ಊರ ಮಣ್ಣಿನ ಉಂಡೆ ಹಿಡಿದು ಅವನು ನಡೆದ ದಾರಿಯೇ ಗಡಿ. ಸುಳ್ಳು ನಡೆದರೆ ಕೇಡು ತಟ್ಟುತ್ತದೆಂಬ ನಂಬಿಕೆ. ಹೊಲೆಯ ಎಂಬ ಮಾತು ಬಂದದ್ದು ಹೊಲದಿಂದ ಎಂದು ಕೆಲವರು, ಹೊಲಸು ಎಂಬರ್ಥದ ಹೊಲೆಯಿಂದ ಎಂದು ಕೆಲವರು ವಾದಿಸುತ್ತಾರೆ. ವಾದ ಪಂಡಿತರಿಗೆ ಇರಲಿ. ಊರಿನ ಪ್ರತಿ ಎಲ್ಲೆಯೂ ಗೊತ್ತಿದ್ದ ಮನುಷ್ಯನಿಗೆ ಆ ಎಲ್ಲೆಗಳ ಒಳಗೆ ಇದ್ದದ್ದು ಚಾಕರಿಯ ತುಂಡು ಮಾನ್ಯ ಮಾತ್ರ. ತೋಟಿಗೆ ತೋಟಿ ಮಾನ್ಯ, ನೀರು ಬಿಡುವವನಿಗೆ ನೀರಗಂಟಿ ಮಾನ್ಯ. ಚಾಕರಿ ಬಿಟ್ಟರೆ ಮಾನ್ಯವೂ ಹೋಯಿತು. ಮಹಾರಾಷ್ಟ್ರದ ಮಹಾರ್ ವತನವೂ ಇದೇ ಬಗೆಯದು. ಅಂಬೇಡ್ಕರ್ 1928ರಲ್ಲಿ ಮುಂಬಯಿಯ ಶಾಸನ ಸಭೆಯಲ್ಲಿ ವತನದ ಕಾನೂನು ತಿದ್ದಲು ಮಸೂದೆ ತಂದದ್ದು ಈ ಕಟ್ಟಿನಿಂದ ಬಿಡಿಸಲಿಕ್ಕೆ.

ಮೈಸೂರಿನಲ್ಲಿ ಕಮಿಷನರುಗಳ ಆಡಳಿತ ಇದ್ದಾಗ, 1863ರಲ್ಲಿ, ಮುಂಬಯಿ ಮಾದರಿಯ ಕಂದಾಯ ಸರ್ವೆ ಶುರುವಾಯಿತು. ಸರಪಳಿ ಬಂತು. 33 ಅಡಿಯದು, ಗಂಟರನ ಸರಪಳಿಯ ಸರಿಯಾಗಿ ಅರ್ಧ. 33 ಅಡಿಗೆ 33 ಅಡಿ ಒಂದು ಗುಂಟೆ, ಅಂದರೆ 121 ಚದರ ಗಜ. ಗುಂಟೆಯ ಹದಿನಾರನೆಯ ಒಂದು ಪಾಲು ಆಣೆ. ನಲವತ್ತು ಗುಂಟೆ ಒಂದು ಎಕರೆ. ಗುಂಟೆ ಎಂಬ ಹೆಸರು ಗಂಟರನಿಂದ ಬಂತು ಎಂದು ಕೆಲವರು ಹೇಳುವುದುಂಟು. ಅದು ತಪ್ಪು, ಗುಂಟೆ ಈ ದೇಶದ್ದೇ ಹಳೆಯ ಮಾತು. ಹೀಗೆ ಇಂಗ್ಲಿಷಿನ ಎಕರೆ, ನಮ್ಮ ಗುಂಟೆ, ರೂಪಾಯಿಯ ಆಣೆ ಒಂದೇ ಪುಸ್ತಕದಲ್ಲಿ ಕೂತವು. ಪ್ರತಿ ತುಂಡಿಗೆ ಸರ್ವೆ ನಂಬರು, ಪ್ರತಿ ನಂಬರಿಗೆ ಕಂದಾಯ, ಪ್ರತಿ ಕಂದಾಯಕ್ಕೆ ಒಬ್ಬ ಖಾತೆದಾರ.

ಎತ್ತು ಆಳಿನ ದಿನಗೆಲಸವಾಗಿ ಹುಟ್ಟಿದ ಎಕರೆ ನಮಗೆ ಸಿಕ್ಕಿದ್ದು ಈ ರೂಪದಲ್ಲಿ, ಕಂದಾಯದ ಪುಸ್ತಕದಲ್ಲಿ. ಪುಸ್ತಕ ಕೇಳಿದ್ದು ಒಂದೇ ಪ್ರಶ್ನೆ: ಕಂದಾಯ ಕಟ್ಟುವವನು ಯಾರು? ಉಳುವವನು ಯಾರು ಅಂತ ಕೇಳಲಿಲ್ಲ. ಉಳಲು ಬಾರದ ನೆಲಕ್ಕೆ 'ಖರಾಬು' ಎಂದು ಬರೆದು ಎಕರೆಯಿಂದ ಕಳೆದರು. ಬಂಡೆ, ಕಲ್ಲು ಇದ್ದದ್ದು 'ಎ' ಖರಾಬು. ದಾರಿ, ಸ್ಮಶಾನ ಮುಂತಾಗಿ ಊರೊಟ್ಟಿಗೆ ಬಿಟ್ಟದ್ದು 'ಬಿ' ಖರಾಬು. ಕೇರಿಯವರು ಹುಲ್ಲು ಕೊಯ್ದದ್ದು, ದನ ಮೇಯಿಸಿದ್ದು, ಸತ್ತವರನ್ನು ಹೂತದ್ದು ಹೆಚ್ಚಾಗಿ ಇಂಥ ಖರಾಬಿನಲ್ಲಿ, ಗೋಮಾಳದಲ್ಲಿ. ಎಕರೆಯೊಳಗೆ ಅವರು ದುಡಿದರು, ಎಕರೆಯ ಹೊರಗೆ ಬದುಕಿದರು.

ಒಂದು ಲೆಕ್ಕ ಹಾಕೋಣ. ನಮ್ಮ ಮರದ ನೇಗಿಲಿಗೆ ಜೋಡೆತ್ತು ಕಟ್ಟಿ ಒಂದು ದಿನ ಉತ್ತರೆ ಅರ್ಧ ಎಕರೆ ಮುಗಿದೀತು. ಒಬ್ಬ ಜೀತದಾಳು ವರ್ಷಕ್ಕೆ ಅರವತ್ತು ದಿನ ನೇಗಿಲು ಹಿಡಿದ ಅಂದುಕೊಳ್ಳಿ. ವರ್ಷಕ್ಕೆ ಮೂವತ್ತು ಎಕರೆ. ಮೂವತ್ತು ವರ್ಷ ಜೀತ ಮಾಡಿದರೆ ಒಂಬೈನೂರು ಎಕರೆ. ಮೂಲ ಅರ್ಥದಲ್ಲಿ ಹೇಳುವುದಾದರೆ ಅವನು ಒಂಬೈನೂರು ಎಕರೆಯ ಮನುಷ್ಯ. ಪಹಣಿಯಲ್ಲಿ ಅವನ ಮುಂದೆ ಸೊನ್ನೆ. ಅವನ ಹೆಂಡತಿ ನೆಟ್ಟ ನಾಟಿ, ಕಿತ್ತ ಕಳೆಗೆ ಈ ಸೊನ್ನೆಯೂ ಇಲ್ಲ.

ಸರ್ವೆ ಆದ ಎಕರೆಗೆ ಬೆಲೆ ಬಂದದ್ದು ನೀರು ಬಂದ ಮೇಲೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದಲ್ಲಿ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳಿಗೆ ಹರಿಯಿತು. ಆಗ ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ. ಬ್ಲಾಕ್ ಪದ್ಧತಿ ಎಂದು ಮಾಡಿ ಭತ್ತ, ಕಬ್ಬು, ಅರೆ ಖುಷ್ಕಿ ಬೆಳೆಗಳನ್ನು ಸರದಿ ಮೇಲೆ ಬೆಳೆಯುವ ಏರ್ಪಾಟಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಆಯಿತು. 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ರಾಗಿ, ಹುರುಳಿಯ ಎಕರೆ ಕಬ್ಬಿನ ಎಕರೆಯಾಯಿತು. ನಾಲೆ ಬಡ ರೈತರನ್ನು ಬದುಕಿಸಿತು, ಇದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ನೀರು ಹರಿದದ್ದು ಸರ್ವೆ ನಂಬರಿಗೆ. ನಂಬರು ಇದ್ದವನ ಎಕರೆ ಒಂದಕ್ಕೆ ಹತ್ತಾಯಿತು. ನಂಬರು ಇಲ್ಲದವನಿಗೆ ಕಬ್ಬು ಕಡಿಯುವ ಕೂಲಿ ಬಂತು. ಕೆರೆಯ ತೂಬು ತೆಗೆದು ಊರಿಗೆಲ್ಲ ನೀರು ಹಂಚಿದ ನೀರಗಂಟಿಯ ಮಕ್ಕಳು ನಾಲೆಯ ಏರಿ ಮೇಲೆ ನಿಂತು ಪಕ್ಕದವರ ಗದ್ದೆಗೆ ಹೋಗುವ ನೀರು ನೋಡಿದರು.

ಸ್ವಾತಂತ್ರ್ಯ ಬಂದ ಮೇಲೆ ಎಕರೆಯನ್ನು ಮತ್ತೆ ಹಂಚುವ ಮಾತು ಬಂತು. 1961ರ ಗ್ರಾಮಾಧಿಕಾರ ರದ್ದತಿ ಕಾನೂನು 1963ರಿಂದ ಜಾರಿಯಾಯಿತು. ತೋಟಿ, ತಳವಾರ, ನೀರಗಂಟಿಗಳ ಬಿಟ್ಟಿ ಚಾಕರಿ ಕಾನೂನಿನಲ್ಲಿ ಹೋಯಿತು. ಮಾನ್ಯದ ನೆಲವನ್ನು ಗೊತ್ತು ಮಾಡಿದ ಹಣ ಕಟ್ಟಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದಾಯಿತು. ಹಣ ಎಲ್ಲಿತ್ತು? ಎಷ್ಟೋ ಕಡೆ ಸಾಲ ಕೊಟ್ಟವನೇ ಹಣ ಕಟ್ಟಿದ, ನೆಲಕ್ಕೂ ಅವನೇ ಇಳಿದ.

ಆಮೇಲೆ ದೇವರಾಜ ಅರಸರ ಕಾಲದ ಭೂಸುಧಾರಣೆ. ತಿದ್ದುಪಡಿ ಕಾನೂನು 1974ರ ಮಾರ್ಚ್ 1ರಿಂದ ಬಂತು. ಗೇಣಿ ಪದ್ಧತಿ ಹೋಯಿತು. ಗೇಣಿದಾರರು 7ನೇ ನಂಬರ್ ಫಾರಂ ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು. 1979ರ ಜೂನ್ 30 ಕೊನೆಯ ದಿನ. ಕಾನೂನಿನಲ್ಲಿ ಎಕರೆ 'ಯೂನಿಟ್' ಆಯಿತು. ಐದು ಜನರ ಸಂಸಾರಕ್ಕೆ ಹತ್ತು ಯೂನಿಟ್ ಮಿತಿ. ಒಳ್ಳೆಯ ನೀರಾವರಿಯಾದರೆ ಹತ್ತು ಎಕರೆ, ಬರೀ ಖುಷ್ಕಿಯಾದರೆ 54 ಎಕರೆ. ದೇಶದಲ್ಲೇ ಗಟ್ಟಿಯಾದ ಭೂ ಕಾನೂನುಗಳಲ್ಲಿ ಅದೊಂದು. ಸಾವಿರಾರು ಗೇಣಿದಾರರು ಒಡೆಯರಾದರು, ಹಿಂದುಳಿದವರ ಬೆನ್ನು ನೆಟ್ಟಗಾಯಿತು.

ಆದರೆ 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯನ್ನು ಕಾನೂನಿನ ಪುಸ್ತಕದ ಪಕ್ಕ ಇಟ್ಟು ಓದಬೇಕು. ಸ್ವಂತ ಸಾಗುವಳಿ ಎಂಬುದಕ್ಕೆ ಕಾನೂನು ಕೊಟ್ಟ ಅರ್ಥವೇನು? ತಾನೇ ಉಳುವುದು, ಮನೆಯವರು ಉಳುವುದು, ಇಲ್ಲವೆ ಕೂಲಿ ಕೊಟ್ಟು ತನ್ನ ಮೇಲ್ವಿಚಾರಣೆಯಲ್ಲಿ ಉಳಿಸುವುದು. ಅಂದರೆ ಬದುವಿನ ಮೇಲೆ ಕೊಡೆ ಹಿಡಿದು ನಿಂತವನೂ ಕಾನೂನಿನ ಕಣ್ಣಲ್ಲಿ ಉಳುವವನೇ. ನೇಗಿಲ ಮೇಣಿ ಹಿಡಿದವನು ಅವನ ಕೂಲಿ. ಕೇರಿಯಲ್ಲಿ ಗೇಣಿದಾರರಿಗಿಂತ ಕೂಲಿಗಳು, ಜೀತದವರೇ ಹೆಚ್ಚು. ಗೇಣಿಗೆ ಚೀಟಿ ಇದ್ದೀತು, ಪಹಣಿಯಲ್ಲಿ ಒಂದು ಸಾಲಾದರೂ ಇದ್ದೀತು. ಜೀತಕ್ಕೆ ಏನು ದಾಖಲೆ? 'ಫಾರಂ ಹಾಕ್ಲಾ ಅಂದ್ರು, ಏನಂತ ಹಾಕನ? ಉತ್ತಿವ್ನಿ ಅಂತ ಹಾಕುದ್ರೆ ಆಯ್ತದಾ?' ಎಂಬಂಥ ಮಾತು ಆಗ ಕೇರಿಯಲ್ಲಿ ಎದ್ದದ್ದು ಸಹಜ. ಜೀತ ರದ್ದತಿ ಕಾನೂನು 1976ರಲ್ಲಿ ಬಂದು ಆಳನ್ನು ಬಿಡಿಸಿತು. ಅವನು ಉತ್ತ ನೆಲವನ್ನು ಅವನ ಜೊತೆ ಬಿಡಿಸಲಿಲ್ಲ.

ಇಲ್ಲಿ ಅಮೆರಿಕದ ಕರಿಯರ ಕತೆ ನೆನಪಾಗುತ್ತದೆ. 1865ರ ಜನವರಿಯಲ್ಲಿ ಜನರಲ್ ಶೆರ್ಮನ್ ಸವಾನಾ ಎಂಬ ಊರಿನಲ್ಲಿ ಇಪ್ಪತ್ತು ಮಂದಿ ಕರಿಯ ಪಾದ್ರಿಗಳನ್ನು ಕರೆದು ನಿಮಗೇನು ಬೇಕು ಎಂದು ಕೇಳಿದ. ನೆಲ ಬೇಕು, ನಾವೇ ಉತ್ತು ಬದುಕುತ್ತೇವೆ ಎಂದರು. ನಾಲ್ಕು ದಿನಕ್ಕೆ ಆಜ್ಞೆ ಹೊರಟಿತು: ಸಮುದ್ರ ತೀರದ ಜಮೀನಿನಲ್ಲಿ ಸಂಸಾರಕ್ಕೆ ನಲವತ್ತು ಎಕರೆವರೆಗೆ. ಸುಮಾರು ನಲವತ್ತು ಸಾವಿರ ಜನ ಅಲ್ಲಿ ನೆಲೆ ನಿಂತರು. ಏಪ್ರಿಲಿನಲ್ಲಿ ಲಿಂಕನ್ ಕೊಲೆಯಾಯಿತು. ವರ್ಷ ಮುಗಿಯುವ ಮುಂಚೆ ಹೊಸ ಅಧ್ಯಕ್ಷ ಜಾನ್ಸನ್ ಆ ನೆಲವನ್ನು ಹಳೆಯ ಒಡೆಯರಿಗೇ ತಿರುಗಿ ಕೊಡಿಸಿದ. 'ನಲವತ್ತು ಎಕರೆ' ಎಂಬುದು ಅಲ್ಲಿ ಅಂದಿನಿಂದ ಮುರಿದ ಮಾತಿಗೆ ಇನ್ನೊಂದು ಹೆಸರು. ಅವರಿಗೆ ನಲವತ್ತು ಎಕರೆಯ ಮಾತು ಕೊಟ್ಟು ತಪ್ಪಿದರು. ನಮ್ಮವರಿಗೆ ನಲವತ್ತು ಗುಂಟೆಯ ಮಾತನ್ನೂ ಗಟ್ಟಿಯಾಗಿ ಕೊಡಲಿಲ್ಲ.

ಕೊಟ್ಟ ಕಡೆ ಉಳಿಯಲಿಲ್ಲ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ತುಂಡುಗಳು ಮದುವೆಗೆ, ಕಾಯಿಲೆಗೆ, ಹೆಂಡದಂಗಡಿಯ ಸಾಲಕ್ಕೆ ಕೈ ಬಿಟ್ಟುಹೋದವು. ಅದಕ್ಕಾಗಿ 1978ರ ಪಿಟಿಸಿಎಲ್ ಕಾನೂನು ಬಂತು, 1979ರ ಜನವರಿ 1ರಿಂದ ಜಾರಿ. ಷರತ್ತು ಮೀರಿ ಮಾರಾಟವಾದ ಮಂಜೂರಾತಿ ಜಮೀನು ಮೂಲದವರಿಗೆ ವಾಪಸಾಗಬೇಕು. 1984ರಲ್ಲಿ ಸುಪ್ರೀಂ ಕೋರ್ಟು ಈ ಕಾನೂನನ್ನು ಎತ್ತಿ ಹಿಡಿಯಿತು. 2017ರಲ್ಲಿ ಅದೇ ಕೋರ್ಟು, ಅರ್ಜಿ ಬಹಳ ತಡವಾಗಿ ಬಂದರೆ ನಡೆಯದು ಎಂದಿತು. ಎಷ್ಟೋ ಅರ್ಜಿಗಳು ಬಿದ್ದುಹೋದವು. ದಲಿತ ಸಂಘಟನೆಗಳು ಬೀದಿಗಿಳಿದವು. 2023ರಲ್ಲಿ ಕಾಲಮಿತಿ ಇಲ್ಲ ಎಂದು ಕಾನೂನಿಗೆ ತಿದ್ದುಪಡಿಯಾಯಿತು. ಮೂರು ತಲೆಮಾರು ಅನ್ಯಾಯ ನಡೆದಾಗ ಯಾರೂ ಗಡಿಯಾರ ನೋಡಲಿಲ್ಲ, ನ್ಯಾಯ ಕೇಳುವಾಗ ಮಾತ್ರ ತಡವಾಯಿತು ಎಂದರು.

ಎಕರೆಗೆ ಇಂಗ್ಲಿಷಿನಲ್ಲಿ ಇನ್ನೊಂದು ಅರ್ಥವಿದೆ. ಜರ್ಮನ್ನಿನಿಂದ ಬಂದದ್ದು. ಸ್ಮಶಾನಕ್ಕೆ 'ದೇವರ ಎಕರೆ' ಎನ್ನುತ್ತಾರೆ. ಸತ್ತವರು ಅಲ್ಲಿ ಬಿತ್ತಿದ ಬೀಜ, ಒಂದು ದಿನ ಮೊಳೆಯುತ್ತಾರೆ ಎಂಬ ನಂಬಿಕೆ. ಬದುಕಿರುವಾಗ ಎಕರೆ ಸಿಗದವನಿಗೂ ಸತ್ತ ಮೇಲೆ ದೇವರು ಪಾಲು ಕೊಡುತ್ತಾನೆ ಎಂಬ ಸಮಾಧಾನ ಅದರಲ್ಲಿದೆ. ನಮ್ಮಲ್ಲಿ ಆ ಸಮಾಧಾನಕ್ಕೂ ತಕರಾರು. ಕೇರಿಗೆ ಸ್ಮಶಾನವಿಲ್ಲದೆ ಹಳ್ಳದ ದಂಡೆಯಲ್ಲಿ, ಕೆರೆಯಂಗಳದಲ್ಲಿ ಹೂತ ಊರುಗಳಿವೆ. ಸ್ಮಶಾನ ಇದ್ದರೂ ಅಲ್ಲಿಗೆ ಹೋಗುವ ದಾರಿ ಯಾರದೋ ಎಕರೆಯ ಮೇಲೆ ಹಾಯುತ್ತದೆ. ಹೆಣ ಹೊತ್ತವರು ಬದುವಿನ ಮೇಲೆ ನಿಂತು ಅಪ್ಪಣೆಗೆ ಕಾಯಬೇಕು.

ಈಗ ಎಕರೆಯ ಅರ್ಥ ಮತ್ತೆ ಬದಲಾಗುತ್ತಿದೆ. 2020ರಲ್ಲಿ ಭೂಸುಧಾರಣಾ ಕಾನೂನಿನ 79ಎ, 79ಬಿ ಕಲಂಗಳನ್ನು ತೆಗೆದರು. ಬೇಸಾಯ ಗೊತ್ತಿಲ್ಲದವರೂ ಬೇಸಾಯದ ಜಮೀನು ಕೊಳ್ಳಬಹುದಾಯಿತು. 2023ರಲ್ಲಿ ಬೆಂಗಳೂರು ಮೈಸೂರಿನ ದೊಡ್ಡ ಹೆದ್ದಾರಿ ಮದ್ದೂರು, ಮಂಡ್ಯದ ಪಕ್ಕದಲ್ಲಿ ತೆರೆಯಿತು. ರಸ್ತೆಯ ಬದಿಯಲ್ಲಿ ಎಕರೆಯನ್ನು ಯಾರೂ ಬೀಜದಲ್ಲಿ ಅಳೆಯುವುದಿಲ್ಲ, ಉಳುಮೆಯಲ್ಲೂ ಅಳೆಯುವುದಿಲ್ಲ. ಚದರಡಿಯಲ್ಲಿ ಅಳೆಯುತ್ತಾರೆ. 43,560 ಚದರಡಿ. ಸಣ್ಣ ರೈತನ ಮಗನೂ ಈಗ ನಮ್ಮ ಹಾಗೆ ಎಕರೆಯ ಹೊರಗೆ ಬಂದು ನಿಲ್ಲುತ್ತಿದ್ದಾನೆ. ಇದು ನಮಗೆ ಸಂತೋಷದ ವಿಷಯವಲ್ಲ. ಆದರೆ ಹೊರಗೆ ನಿಲ್ಲುವುದು ಅಂದರೇನು ಎಂದು ಅವನಿಗೆ ಹೇಳಬಲ್ಲವರು ನಾವೇ. ಅವನು ಕೇಳುವುದಾದರೆ ಒಟ್ಟಿಗೆ ಕೂತು ಮಾತಾಡಬಹುದು.

ಹಳ್ಳಿಯ ಮೇಷ್ಟರುಗಳಿಗೆ ಒಂದು ಮಾತು. ಮಕ್ಕಳಿಗೆ ಎಕರೆ, ಗುಂಟೆಯ ಲೆಕ್ಕ ಹಲಗೆಯ ಮೇಲೆ ಹೇಳಿ ಬಿಡಬೇಡಿ. 33 ಅಡಿಯ ಹಗ್ಗ ತೆಗೆದುಕೊಂಡು ಬಯಲಿಗೆ ಕರೆದುಕೊಂಡು ಹೋಗಿ. ನಾಲ್ಕು ಗೂಟ ಹೊಡೆದು ಒಂದು ಗುಂಟೆ ತೋರಿಸಿ. ಇಂಥ ನಲವತ್ತು ಸೇರಿದರೆ ಎಕರೆ ಎನ್ನಿ. ಆಮೇಲೆ ಈ ಮಾತಿನ ಮೊದಲ ಅರ್ಥ ಒಬ್ಬ ಮನುಷ್ಯನ ಒಂದು ದಿನದ ಉಳುಮೆ ಎಂದು ಹೇಳಿ. ಆ ದಿನ ಸಂಜೆ ಮನೆಗೆ ಹೋಗಿ, ನಿಮ್ಮ ತಾತ ಎಷ್ಟು ದಿನ ಉತ್ತ, ನಿಮ್ಮಜ್ಜಿ ಎಷ್ಟು ದಿನ ನಾಟಿ ಹಾಕಿದಳು ಎಂದು ಕೇಳಿಕೊಂಡು ಬರಲು ಹೇಳಿ. ಮಾರನೆಯ ದಿನ ಆ ಲೆಕ್ಕವನ್ನು ಹಲಗೆಯ ಮೇಲೆ ಬರೆಯಿರಿ. ಪಕ್ಕದಲ್ಲಿ ಪಹಣಿಯ ಲೆಕ್ಕ ಬರೆಯಿರಿ. ಕೂಡುವುದು ಕಳೆಯುವುದು ಮಕ್ಕಳೇ ಮಾಡಲಿ.